ಹಿಂದಿನದು ಮಾತ್ರ ಬದಲಿಸಿದ ಜೀಪು

"ಗುರುಗಳೇ, ದಿನನಿತ್ಯದ ವ್ಯವಹಾರದಲ್ಲಿ ನಾನು ಸುಳ್ಳು ಹೇಳುವುದನ್ನು ಬಿಟ್ಟಿದ್ದೇನೆ. ಇಕ್ಕಟ್ಟಿನ ಕಾಲಕ್ಕೆಂದು ಒಂದೇ ಒಂದು ಸುಳ್ಳನ್ನು ಎತ್ತಿಟ್ಟುಕೊಂಡರೆ ಅದೂ ತಪ್ಪೇ? ಅದು ಕೆಲಸಕ್ಕೆ ಬರುವುದೇ ವರ್ಷಕ್ಕೊಮ್ಮೆ" ಎಂದು ಶಿಷ್ಯ ಕೇಳಿದ.

ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ಪಕ್ಕಕ್ಕೆ ಸರಿಸಿ ಕತೆ ಹೇಳಿದರು.

ಒಬ್ಬ ಜೀಪಿನವನಿದ್ದ. ಅವನದು ಹಳೆಯ ಜೀಪು, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥದ್ದು. ಒಳ್ಳೆಯ ರಸ್ತೆಯಲ್ಲಿ ಹಿಂದಿನ ಎರಡು ಗಾಲಿ ತಳ್ಳಿದರೆ ಸಾಕು. ಕೆಸರಿಗೋ ಮರಳಿಗೋ ಸಿಕ್ಕಿದಾಗ ಸೀಟಿನ ಪಕ್ಕದ ಚಿಕ್ಕ ಲಿವರ್ ಎಳೆದರೆ ಮುಂದಿನ ಎರಡೂ ಸೇರಿಕೊಳ್ಳುತ್ತವೆ. ಜೀಪಿನ ಹಿಂದೆ ಗಾಲಿಯ ಮೇಲೆ ಕೂರಿಸಿದ ಜನರೇಟರ್ ಕಟ್ಟಿಕೊಂಡು ಊರೂರು ತಿರುಗುವುದು ಅವನ ಕಸುಬು. ಎಲ್ಲಿ ಕರೆಂಟಿಲ್ಲವೋ ಅಲ್ಲಿ ಅವನು. ಜೊತೆಗೆ ಅವನ ಹೆಂಡತಿ.

ಒಮ್ಮೆ ಅವನು ದೊಡ್ಡ ಜನರೇಟರ್ ತಂದ. ಅದು ತೂಕದಲ್ಲಿ ಹಳೆಯದರ ಎರಡರಷ್ಟಿತ್ತು. ಏರು ಕಂಡರೆ ಸಾಕು, ಜೀಪು ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಗಂಡಹೆಂಡತಿ ಇಬ್ಬರೂ ಮೆಕ್ಯಾನಿಕ್ ಹತ್ತಿರ ಹೋದರು.

ಮೆಕ್ಯಾನಿಕ್ ಜೀಪಿನ ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡ.

"ಎಂಜಿನ್ನಿನದು ತಪ್ಪಿಲ್ಲ. ಇದರ ಗೇರಿನ ಹಲ್ಲುಗಳು ಓಟಕ್ಕೆ ಮಾಡಿದವು, ಎಳೆಯುವುದಕ್ಕಲ್ಲ. ಈಗ ಎಂಜಿನ್ನಿನಿಂದ ಬರುವ ಶಾಫ್ಟು ನಾಲ್ಕು ಸುತ್ತು ಬಂದರೆ ಗಾಲಿ ಒಂದು ಸುತ್ತು ಬರುತ್ತದೆ. ಐದಕ್ಕೆ ಒಂದು ಬರುವ ಹಲ್ಲಿನ ಜೋಡಿ, ಕ್ರೌನ್ ಪಿನಿಯನ್ ಅನ್ನುತ್ತೇವೆ, ಅದನ್ನು ಹಾಕೋಣ. ಎಳೆತ ಬರುತ್ತದೆ, ಓಟ ಹೋಗುತ್ತದೆ. ಎರಡೂ ಬೇಕೆಂದರೆ ನನ್ನ ಹತ್ತಿರ ಇಲ್ಲ."

"ಇವರಿಗೆ ಓಟ ಯಾಕೆ? ಓಡಿಹೋಗೋಣವೆಂದರೆ ಕರೆಯುವವರಾದರೂ ಇರಬೇಕಲ್ಲ" ಎಂದಳು ಹೆಂಡತಿ. "ಎಳೆಯುವುದನ್ನೇ ಹಾಕಿ."

ಮೆಕ್ಯಾನಿಕ್ ನಕ್ಕ. "ಆಗಲಿ ತಾಯಿ. ಆದರೆ ಹಾಕಿದರೆ ಹಿಂದಕ್ಕೂ ಹಾಕಬೇಕು, ಮುಂದಕ್ಕೂ ಹಾಕಬೇಕು. ಹಿಂದೆ ಹೊಸದು, ಮುಂದೆ ಹಳೆಯದು ಎಂದಾದರೆ, ಹಿಂದಿನ ಗಾಲಿ ನಾಲ್ಕು ಸುತ್ತು ಬರುವಷ್ಟರಲ್ಲಿ ಮುಂದಿನದು ಐದು ಸುತ್ತು ಹೋಗುತ್ತೇನೆ ಅನ್ನುತ್ತದೆ. ಇಬ್ಬರೂ ಒಂದೇ ಗಾಡಿಗೆ ಕಟ್ಟಿಹಾಕಿಸಿಕೊಂಡವರು. ಹೇಗೆ ನಡೆಯುತ್ತದೆ ಹೇಳಿ?"

"ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ನಡೆದಿದೆ" ಎಂದಳು ಅವಳು. ಆದರೆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಳು.

ನಾಲ್ಕನೆಯ ದಿನ ಜೀಪು ತರಲು ಗಂಡ ಒಬ್ಬನೇ ಹೋದ. ಹಿಂದಿನದು ಹಾಕಿಯಾಗಿತ್ತು. ಮುಂದಿನದು ಸಿಕ್ಕಿರಲಿಲ್ಲ. ಗಾಡಿ ಹಳೆಯದು, ಅದರ ಸಾಮಾನು ಹುಡುಕಿ ತರಿಸಬೇಕು, ಇನ್ನೂ ಹತ್ತು ದಿನ ಬೇಕು ಎಂದ ಮೆಕ್ಯಾನಿಕ್. ಹತ್ತು ದಿನ ಕಾಯುವಂತಿರಲಿಲ್ಲ. ಮಾರನೆಯ ದಿನವೇ ಜನರೇಟರು ಬೆಟ್ಟದ ಮೇಲಿನ ಹಳ್ಳಿಯಲ್ಲಿರಬೇಕಿತ್ತು. ಅಲ್ಲಿ ಕಣ್ಣಿನ ಆಪರೇಷನ್ ಶಿಬಿರ. ಡಾಕ್ಟರುಗಳು ಬರುವ ದಿನ ನಿಶ್ಚಯವಾಗಿತ್ತು, ಇವನು ಮಾತು ಕೊಟ್ಟಿದ್ದ.

"ಮುಂದಿನದನ್ನು ನಾನು ಬಳಸುವುದೇ ಅಪರೂಪ" ಎಂದ ಜೀಪಿನವನು.

"ಅಪರೂಪ ಅಲ್ಲ, ಬಳಸಲೇಬಾರದು" ಎಂದ ಮೆಕ್ಯಾನಿಕ್. "ಗಾಲಿ ಜಾರಿದರೆ ಅಲ್ಲೇ ನಿಲ್ಲಿಸಿ ಇಳಿದುಬಿಡು. ಇನ್ನೊಂದು ಗಾಡಿ ಕರೆಸು." ಅಷ್ಟು ಹೇಳಿದ್ದು ಸಾಲದೆಂದು ಸುತಳಿ ತೆಗೆದುಕೊಂಡು ಆ ಚಿಕ್ಕ ಲಿವರನ್ನು ಸೀಟಿನ ಕಂಬಿಗೆ ಬಿಗಿದು, ಎರಡು ಗಂಟು ಹಾಕಿ ಕಳಿಸಿದ.

ಮನೆ ಇನ್ನೇನು ಬಂತು ಎನ್ನುವಾಗ ಜೀಪಿನವನು ಗಾಡಿ ನಿಲ್ಲಿಸಿದ. ಸುತಳಿ ಹೆಂಡತಿಯ ಕಣ್ಣಿಗೆ ಬಿದ್ದರೆ ನೂರು ಪ್ರಶ್ನೆ. ಒಂದಕ್ಕೆ ಉತ್ತರ ಕೊಟ್ಟರೆ ಉಳಿದ ತೊಂಬತ್ತೊಂಬತ್ತು ಹೊರಗೆ ಬರುತ್ತವೆ. ಲಿವರ್ ಮುಟ್ಟದಿದ್ದರಾಯಿತು, ಅದಕ್ಕೆ ದಾರ ಯಾಕೆ? ಅವನು ಗಂಟು ಬಿಚ್ಚಿ ಸುತಳಿಯನ್ನು ಬೇಲಿಯಾಚೆ ಎಸೆದ.

ಆ ಬೆಟ್ಟದ ದಾರಿಯಲ್ಲಿ ಒಂದು ಪದ್ಧತಿಯಿತ್ತು. ಭಾರ ಎಳೆದುಕೊಂಡು ಹತ್ತುವ ಗಾಡಿಯ ಹಿಂದೆ ಒಬ್ಬರು ಕಲ್ಲು ಹಿಡಿದು ನಡೆಯಬೇಕು. ಗಾಡಿ ನಿಂತರೆ ತಕ್ಷಣ ಗಾಲಿಗೆ ಕಲ್ಲು ಕೊಡಬೇಕು. ಹಾಗೆ ನಡೆಯುವವರು ಕೂಲಿಯವರಾಗಿರಬಾರದು, ಗಾಡಿ ನಡೆಸುವವನ ಮನೆಯವರೇ ಆಗಿರಬೇಕು. ಹಿಂದೆ ತನ್ನವರಿದ್ದರೆ ನಡೆಸುವವನು ಹುಷಾರಾಗಿರುತ್ತಾನೆಂದು ಹಿಂದಿನವರು ಮಾಡಿದ ಏರ್ಪಾಡು.

ಬೆಟ್ಟದ ಬುಡದಲ್ಲಿ ಹೆಂಡತಿ ಇಳಿದಳು. ತನ್ನ ಕೈಗೆ ಒಗ್ಗುವ ಕಲ್ಲು ಆರಿಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಟಕಿಯ ಹತ್ತಿರ ಬಂದು ನಿಂತಳು.

"ರೀ, ಎರಡಕ್ಕೂ ಹಾಕಿಸಿದ್ದೀರಿ ತಾನೆ? ಇಲ್ಲದಿದ್ದರೆ ಈಗಲೇ ಹೇಳಿಬಿಡಿ. ನಾನು ಹಿಂದೆ ಬರುವುದಿಲ್ಲ."

ಅವನು ಎದುರಿನ ರಸ್ತೆ ನೋಡುತ್ತಾ, "ಹಾಕಿಸಿದೆ" ಎಂದ.

ಅವಳು ಮತ್ತೆ ಕೇಳಲಿಲ್ಲ. ಆ ಮನುಷ್ಯ ಸಾಮಾನ್ಯವಾಗಿ ಸುಳ್ಳು ಹೇಳುವವನಲ್ಲ.

ಅರ್ಧ ಬೆಟ್ಟ ಸಲೀಸಾಗಿ ಕಳೆಯಿತು. ಹೊಸ ಹಲ್ಲು ಚೆನ್ನಾಗಿ ಎಳೆಯುತ್ತಿತ್ತು. ಎಂಜಿನ್ ಒಂದೇ ಸಮನೆ ಗುನುಗುತ್ತಿತ್ತು. ಅವನು ಶಿಳ್ಳೆ ಹಾಕಿದ.

ಎರಡನೆಯ ತಿರುವು ದಾಟಿದ ಮೇಲೆ ರಸ್ತೆಗೆ ಹೊಸದಾಗಿ ಜಲ್ಲಿ ಸುರಿದಿದ್ದರು. ಹಿಂದಿನ ಗಾಲಿಗಳು ನಿಂತಲ್ಲೇ ತಿರುಗತೊಡಗಿದವು. ಜಲ್ಲಿ ಸಿಡಿದು ಹಿಂದಕ್ಕೆ ಹಾರಿತು.

ಅವಳು ಮುಖಕ್ಕೆ ಮೊಣಕೈ ಅಡ್ಡ ಹಿಡಿದು ಕೂಗಿದಳು. "ಲಿವರ್ ಎಳೀರಿ! ಅದನ್ನೇನು ನಿಮ್ಮ ತಂಗಿಯ ಮದುವೆಗೆ ಇಟ್ಟುಕೊಂಡಿದ್ದೀರಾ?"

ಅವನ ಕೈ ಲಿವರಿನ ಹತ್ತಿರ ಹೋಗಿ ನಿಂತಿತು. ಎಳೆಯದಿದ್ದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದರೆ ಬೆಟ್ಟದ ಬುಡದಲ್ಲಿ ಆಡಿದ ಮಾತು ಸುಳ್ಳಾಗುತ್ತದೆ. ಮೆಕ್ಯಾನಿಕ್ ಬಳಸಲೇಬಾರದು ಎಂದಿದ್ದ. ಒಂದು ಉಸಿರು ಎಳೆದುಕೊಂಡು ಅವನು ಲಿವರ್ ಎಳೆದ.

ಏನೂ ಆಗಲಿಲ್ಲ. ಮುಂದಿನ ಗಾಲಿಗಳು ಹಿಡಿದವು. ಜಲ್ಲಿ ಸಡಿಲವಾಗಿತ್ತು, ಹೆಚ್ಚು ಸುತ್ತಬೇಕಾದ ಗಾಲಿ ಅಷ್ಟಿಷ್ಟು ಜಾರಿಕೊಂಡು ತನ್ನ ಲೆಕ್ಕ ಸರಿಮಾಡಿಕೊಳ್ಳುತ್ತಿತ್ತು. ಜೀಪು ಮೇಲೆ ಹತ್ತಿತು. ಮೆಕ್ಯಾನಿಕ್ ಸುಮ್ಮನೆ ಹೆದರಿಸಿದ ಎಂದುಕೊಂಡ ಅವನು. ಬೆವರು ಒರೆಸಿಕೊಂಡ.

ಜಲ್ಲಿ ಮುಗಿದು ಕಾಂಕ್ರೀಟು ಶುರುವಾಯಿತು. ಗಟ್ಟಿ ನೆಲ, ಎದೆಗೆ ನಿಂತ ಏರು. ಅಲ್ಲಿಂದ ಇಪ್ಪತ್ತು ಮಾರು ಹತ್ತಿದರೆ ಹಳ್ಳಿ. ಜೀಪಿನ ನಾಲ್ಕೂ ಗಾಲಿ ಕಾಂಕ್ರೀಟಿಗೆ ಬಂದವು. ಹಿಂದೆ ಕಟ್ಟಿದ ಜನರೇಟರ್ ಇನ್ನೂ ಜಲ್ಲಿಯ ಮೇಲಿತ್ತು.

ಈಗ ಜಾರಲು ಜಾಗವಿರಲಿಲ್ಲ. ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಿತು. ಕಾಲ ಕೆಳಗಿನಿಂದ ಕಿರ್ರೆನ್ನುವ ಸದ್ದು ಬಂತು. ಜೀಪು ಮುಗ್ಗರಿಸಿತು, ಮತ್ತೆ ಮುಗ್ಗರಿಸಿತು. ಅವನು ಲಿವರನ್ನು ವಾಪಸು ತಳ್ಳಿದ. ಬರಲಿಲ್ಲ. ಎರಡು ಕಡೆಯ ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿದಿದ್ದವು. ಮುಷ್ಟಿಯಿಂದ ಗುದ್ದಿದ. ಅದು ಅಲುಗಲಿಲ್ಲ.

"ಏನ್ರೀ ಅದು ಸದ್ದು?" ಹಿಂದಿನಿಂದ ಅವಳು ಕೂಗಿದಳು. "ನಾನು ಪಕ್ಕಕ್ಕೆ ಹೋಗಲಾ?"

ಕನ್ನಡಿಯಲ್ಲಿ ಅವಳು ಕಾಣುತ್ತಿದ್ದಳು. ಕಲ್ಲನ್ನು ಎದೆಗೆ ಒತ್ತಿ ಹಿಡಿದಿದ್ದಳು. ಮುಖವೆಲ್ಲ ಧೂಳು. 'ಹೋಗು' ಎನ್ನಲು ಅವನ ಬಾಯಿ ತೆರೆಯಿತು. ಹೋಗು ಎಂದರೆ ಯಾಕೆ ಎನ್ನುತ್ತಾಳೆ. ಇಪ್ಪತ್ತು ಮಾರು. ಇಪ್ಪತ್ತೇ ಮಾರು.

"ಏನಿಲ್ಲ, ಬಾ" ಎಂದ.

ಏನಿಲ್ಲವೆಂದ ಮೇಲೆ, ಗಾಡಿ ನಿಲ್ಲುವಂತಿದೆ, ಕಲ್ಲು ಕೊಡಬೇಕಾಗುತ್ತದೆ ಎಂದುಕೊಂಡು ಅವಳು ಎರಡು ಹೆಜ್ಜೆ ಗಾಲಿಯ ಹತ್ತಿರ ಬಂದಳು.

ಕೆಳಗೆ ಲಟಕ್ಕೆಂದು ಏನೋ ಮುರಿಯಿತು. ಎಂಜಿನ್ ಒಮ್ಮೆಲೇ ಕಿರುಚಿತು, ಗಾಲಿಗಳಿಗೆ ಬಲವೇ ಇರಲಿಲ್ಲ. ಅವನು ಎರಡೂ ಕಾಲಲ್ಲಿ ಬ್ರೇಕ್ ತುಳಿದ. ಗಾಲಿಗಳು ನಿಂತವು. ಜನರೇಟರಿನ ಭಾರ ನಿಂತ ಗಾಲಿಗಳನ್ನೇ ಜಲ್ಲಿಯ ಕಡೆಗೆ ಎಳೆದುಕೊಂಡು ಹಿಂದಕ್ಕೆ ಹೊರಟಿತು.

ಅವಳು ಓಡಲಿಲ್ಲ. ಬಗ್ಗಿ ಕಲ್ಲು ಕೊಟ್ಟಳು. ಜನರೇಟರಿನ ಗಾಲಿ ಕಲ್ಲನ್ನು ಹತ್ತಿತು, ಅವಳ ಬಲಗಾಲಿನ ಪಾದವನ್ನೂ ಹತ್ತಿತು, ಅಲ್ಲಿಂದ ಓರೆಯಾಗಿ ಗುಡ್ಡದ ಕಡೆಯ ಚರಂಡಿಗೆ ಬಿತ್ತು. ಇನ್ನೊಂದು ಕಡೆ ಪ್ರಪಾತವಿತ್ತು. ಅವಳ ಕಲ್ಲು ಆ ಭಾರವನ್ನು ತಿರುಗಿಸಿರದಿದ್ದರೆ ಅವನೂ ಇರುತ್ತಿರಲಿಲ್ಲ.

ಶಿಬಿರ ನಡೆಯಲಿಲ್ಲ. ಕಣ್ಣು ಬರುತ್ತದೆಂದು ಕಾದು ಕುಳಿತವರನ್ನು ಅವರವರ ಮಕ್ಕಳು ಕೈಹಿಡಿದು ಮನೆಗೆ ಕರೆದುಕೊಂಡು ಹೋದರು. ಅವಳ ಪಾದವನ್ನು ಡಾಕ್ಟರಿಗೆ ಉಳಿಸಲಾಗಲಿಲ್ಲ.

ಹದಿನೈದು ದಿನ ಅವನು ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದ. ಅವಳು ಬೈಯುತ್ತಾಳೆಂದು ಕಾದ. ಹತ್ತು ವರ್ಷದಲ್ಲಿ ಒಂದು ದಿನವೂ ಸುಮ್ಮನಿರದ ಬಾಯಿ ಈಗ ಮುಚ್ಚಿಕೊಂಡಿತ್ತು. ಕೊನೆಗೆ ಅವನೇ ತಡೆಯಲಾರದೆ, ಮುಂದಿನದು ಸಿಕ್ಕಿರಲಿಲ್ಲ, ಹಿಂದಿನದು ಮಾತ್ರ ಹಾಕಿಸಿದ್ದೆ, ಸುತಳಿ ಬಿಚ್ಚಿದವನೂ ನಾನೇ ಎಂದು ಎಲ್ಲವನ್ನೂ ಹೇಳಿದ.

ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಅದೆಲ್ಲ ಆಮೇಲಿನ ಮಾತು. ಪಕ್ಕಕ್ಕೆ ಹೋಗಲಾ ಅಂತ ಕೇಳಿದ್ದೆ. ನೀವು ಏನಿಲ್ಲ ಅಂದಿರಿ. ಅದಕ್ಕೇ ನಾನು ಹತ್ತಿರ ಬಂದೆ."

ಗುರುಗಳು ಕತೆ ನಿಲ್ಲಿಸಿದರು. ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಶಿಷ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವನು ಸ್ವಲ್ಪ ನಗಲು ನೋಡಿದ. "ನನ್ನದು ಅಂಥ ಸುಳ್ಳಲ್ಲ, ಗುರುಗಳೇ. ಮತ್ತೆ, ನನ್ನ ಹತ್ತಿರ ಜೀಪೂ ಇಲ್ಲ."

"ಜೀಪಿಲ್ಲ, ಸರಿ; ನಿನ್ನ ಮಾತು ನಂಬಿ ಹಿಂದೆ ನಡೆದು ಬರುತ್ತಿರುವವರು ಯಾರೂ ಇಲ್ಲವೇ?" ಎಂದರು ಗುರುಗಳು.