ಡೀಸೆಲ್ ತಟ್ಟೆಗೆ ಬಿದ್ದ ವಾಲ್ವ್

"ಬುದ್ಧಿ, ಮೂರು ಸಲ ಸಿಟ್ಟು ಬಿಟ್ಟೆ. ಮೂರು ಸಲವೂ ಅದು ತಿರುಗಿ ಬಂತು. ಯಾಕೆ?" ಎಂದು ಮಠದ ಶಿಷ್ಯ ಮರುಳಸಿದ್ಧ ಗುರುಗಳನ್ನು ಕೇಳಿದ.

ಮಿಂದು, ವಿಭೂತಿ ಧರಿಸಿ ಬಂದಿದ್ದ. ಹಿಂದಿನ ದಿನ ದಾಸೋಹದ ಪಂಕ್ತಿಯಲ್ಲಿ ಎಲ್ಲರೆದುರಿಗೇ ಅಡುಗೆಯ ಕೊಟ್ರಪ್ಪನ ಮೇಲೆ ಕೂಗಾಡಿ ಸಾರಿನ ಸೌಟು ಬಿಸಾಡಿದ್ದ. ಒಂದು ತಿಂಗಳಲ್ಲಿ ಇಂಥದ್ದು ಮೂರನೆಯ ಸಲ. ಪ್ರತಿ ಸಲವೂ ಕೂಗಾಟ ಮುಗಿದ ಕೂಡಲೇ ತಲೆಗೆ ತಣ್ಣೀರು ಹೊಯ್ದುಕೊಂಡು, ಒಂದು ಹೊತ್ತು ಉಪವಾಸವಿದ್ದು, ಸಾವಿರ ಜಪ ಮಾಡಿದ್ದ. ಹನ್ನೊಂದು ವರ್ಷ ಮಠಕ್ಕೆ ಅನ್ನ ಬೇಯಿಸಿದ ಕೊಟ್ರಪ್ಪ ಈಗ ಬಟ್ಟೆಯ ಗಂಟು ಕಟ್ಟಿಕೊಂಡು ಅಡುಗೆಮನೆಯ ಕಟ್ಟೆಯ ಮೇಲೆ ಕೂತಿದ್ದ. ಸಂಜೆಯ ಬಸ್ಸಿಗೆ ಹೋಗುವುದೋ ಇರುವುದೋ ಎಂಬುದನ್ನು ಗುರುಗಳಿಗೆ ಬಿಟ್ಟಿದ್ದ.

"ಸಿಟ್ಟು ಬರುವುದು ಅವನನ್ನು ಕಂಡಾಗಲೇ, ಬುದ್ಧಿ. ಅವನು ಹೋದರೆ ನನ್ನ ಸಾಧನೆ ನೆಟ್ಟಗಾಗುತ್ತದೆ," ಎಂದ ಮರುಳಸಿದ್ಧ.

ಗುರುಗಳು ಕಾವಿ ಉಡುವ ಮೊದಲು ಒಂಬತ್ತು ವರ್ಷ ಅದಿರು ಗಣಿಯ ವರ್ಕ್‌ಶಾಪಿನಲ್ಲಿ ಸಾಮಾನಿನ ಕೋಣೆ ನೋಡಿಕೊಂಡಿದ್ದವರು. ಶಾಸ್ತ್ರಕ್ಕಿಂತ ಸ್ಪ್ಯಾನರ್ ಅವರ ಬಾಯಿಗೆ ಬೇಗ ಬರುತ್ತಿತ್ತು.

"ಕೂತ್ಕೋ. ನಿನ್ನ ಹಾಗೇ ಶುಚಿ ಹೆಚ್ಚಾದವನೊಬ್ಬನ ಕತೆ ಹೇಳುತ್ತೇನೆ," ಎಂದರು.

ಒಂದು ಗಣಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಅವನಿಗೊಂದು ಅಭ್ಯಾಸ. ಎಂಜಿನ್ನಿನಿಂದ ಏನು ಬಿಚ್ಚಿದರೂ ಮೊದಲು ಡೀಸೆಲ್ ತಟ್ಟೆಗೆ ಹಾಕುವನು. ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಪಳಪಳ ಅನ್ನಿಸಿದ ಮೇಲೆಯೇ ಹಿಡಿದು ನೋಡುವನು. ಕೊಳಕು ಸಾಮಾನನ್ನು ಹಿರಿಯರ ಕೈಗೆ ಕೊಡಬಾರದೆಂದು ಅವನಿಗೆ ಕಲಿಸಿದವನು ಬೆನ್ನಿಗೆರಡು ಬಿಟ್ಟು ಕಲಿಸಿದ್ದ.

"ತೊಳೆಯುವುದು ತಪ್ಪೇ, ಬುದ್ಧಿ?"

"ತಪ್ಪು ಎಂದೆನಾ ನಾನು? ಸುಮ್ಮನೆ ಕೇಳು."

ಆ ಗಣಿಯಲ್ಲಿ ಅದಿರು ಬಗೆದು ಲಾರಿಗೆ ತುಂಬುವ ದೊಡ್ಡ ಡೀಸೆಲ್ ಯಂತ್ರವೊಂದಿತ್ತು. ಅದರ ಮೇಲೆ ಹದಿನಾಲ್ಕು ವರ್ಷದಿಂದ ಒಬ್ಬನೇ ಆಪರೇಟರ್. ಒಂದು ದಿನ ಯಂತ್ರ ಏದುಸಿರು ಬಿಡತೊಡಗಿತು. ಕಪ್ಪು ಹೊಗೆ. ಏರು ಹತ್ತಲು ದಮ್ಮಿಲ್ಲ. ಕ್ಯಾಬಿನ್ನಿನಲ್ಲಿ ಎಚ್ಚರಿಕೆಯ ದೀಪ. ಮೇಸ್ತ್ರಿ ಹುಡುಕಿದ. ಇಜಿಆರ್ ವಾಲ್ವ್ ಕಚ್ಚಿಕೊಂಡಿತ್ತು. ಎಂಜಿನ್ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ರೇಡಿಯೇಟರಿನ ನೀರು ಹರಿಯುವ ಕೂಲರಿನಲ್ಲಿ ತಣ್ಣಗೆ ಮಾಡಿ ಮತ್ತೆ ಎಂಜಿನ್ನಿಗೇ ಕಳಿಸುತ್ತಾರೆ. ಆ ದಾರಿಯ ಬಾಗಿಲು ಈ ವಾಲ್ವ್. ಅದು ಮಸಿ ಹಿಡಿದು ಅರ್ಧಕ್ಕೆ ನಿಂತಿತ್ತು. ಬಿಚ್ಚಿದ, ತಟ್ಟೆಗೆ ಹಾಕಿದ, ತೊಳೆದ, ಕೂರಿಸಿದ. ಯಂತ್ರ ಮೊದಲಿನ ಹಾಗಾಯಿತು.

ಹದಿನೈದು ದಿನ ನಡೆಯಿತು. ಮತ್ತೆ ಅದೇ ಹೊಗೆ. ಮತ್ತೆ ತೊಳೆದ. ಈ ಸಲ ಹತ್ತೇ ದಿನ. ಮೂರನೆಯ ಸಲವೂ ತೊಳೆದ.

ಮಸಿ ಎಲ್ಲಿಂದ ಬರುತ್ತದೆಂಬುದು ಮೇಸ್ತ್ರಿಗೆ ಗೊತ್ತಿತ್ತು. ಕೆಲಸವಿಲ್ಲದೆ ಗಂಟೆಗಟ್ಟಲೆ ಎಂಜಿನ್ ಓಡುತ್ತಿದ್ದರೆ ಮಸಿ ಕೂರುತ್ತದೆ. ಈ ಆಪರೇಟರ್ ಊಟದ ಹೊತ್ತಿನಲ್ಲಿ ಎಂಜಿನ್ ಆರಿಸದೆ ಎಸಿ ಹಾಕಿಕೊಂಡು ಕ್ಯಾಬಿನ್ನಿನಲ್ಲೇ ಮಲಗುತ್ತಾನೆ ಎಂದುಕೊಂಡ. ಕೇಳಿದರೆ ಆಪರೇಟರ್ ಆಣೆಯಿಟ್ಟ. "ನನ್ನ ಮಕ್ಕಳಾಣೆ ಮೇಸ್ತ್ರೀ, ಕೀ ತೆಗೆದ ಮೇಲೇನೇ ಬುತ್ತಿ ಬಿಚ್ಚೋದು." ಯಾರು ನಂಬುತ್ತಾರೆ? ಆದರೂ ಮೇಸ್ತ್ರಿ ಕೇಳಬೇಕಲ್ಲ ಎಂದು ಇನ್ನೊಂದು ಮಾತು ಕೇಳಿದ. "ರೇಡಿಯೇಟರಲ್ಲಿ ನೀರೇನಾದರೂ ಕಡಿಮೆಯಾಗ್ತಿದೆಯಾ?" ಆಪರೇಟರ್‌ಗೆ ಅವಮಾನವಾಯಿತು. "ನಾನಿರೋವಾಗ ನೀರು ಕಡಿಮೆಯಾಗೋಕೆ ಬಿಡ್ತೀನಾ?" ಎಂದ.

ಅಲ್ಲಿಗೆ ಮುಗಿಯಿತು. ಮೇಸ್ತ್ರಿ ಹೋಗಿ ಮ್ಯಾನೇಜರಿಗೆ ಹೇಳಿದ. ಮ್ಯಾನೇಜರು ಆಪರೇಟರನ ಕೈಯಿಂದ ಕೀ ಇಸಿದುಕೊಂಡು ಮನೆಗೆ ಕಳಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ನನಗೆ ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಹೊಸ ಆಪರೇಟರ್ ಬಂದ. ಐದನೆಯ ದಿನ ಏರಿನ ನಡುವೆ ಎಂಜಿನ್ ಕುದ್ದು, ಹಬೆ ಎದ್ದು, ಯಂತ್ರ ನಿಂತೇಬಿಟ್ಟಿತು. ಮೇಸ್ತ್ರಿ ಓಡಿದ. ರೇಡಿಯೇಟರಿನಲ್ಲಿ ನೀರೇ ಇರಲಿಲ್ಲ. ಹೊರಗೆಲ್ಲೂ ಸೋರಿದ ಗುರುತಿಲ್ಲದ್ದರಿಂದ, ಎಂಜಿನ್ ಆರುವವರೆಗೆ ಕಾದು ವಾಲ್ವ್ ಬಿಚ್ಚಿದ. ವರ್ಕ್‌ಶಾಪ್ ದೂರ. ಅಲ್ಲಿ ಡೀಸೆಲ್ ತಟ್ಟೆಯಿರಲಿಲ್ಲ. ಹಾಗಾಗಿ ವಾಲ್ವ್ ಮೊದಲ ಸಲ ತೊಳೆಯದೆ ಅವನ ಅಂಗೈಯಲ್ಲಿ ಕೂತಿತು.

ಒಣ ಮಸಿ ಹಿಟ್ಟಿನ ಹಾಗೆ ಉದುರುತ್ತದೆ. ಇದು ಉದುರಲಿಲ್ಲ. ಹಸಿಯಾಗಿ ಬೆರಳಿಗೆ ಅಂಟಿತು. ಅಂಚಿನಲ್ಲಿ ಬಿಳಿ ಪದರ ಕಟ್ಟಿತ್ತು. ಮೂಸಿದ. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲಂಟಿನ ಸಿಹಿ ವಾಸನೆ ಬಂತು. ಕೂಲರ್ ಒಳಗೇ ಬಿರುಕು ಬಿಟ್ಟು ಸೋರುತ್ತಿತ್ತು. ಆ ನೀರು ಮಸಿಗೆ ಸೇರಿ ಅಂಟಾಗಿ ವಾಲ್ವನ್ನು ಹಿಡಿಯುತ್ತಿತ್ತು. ತಪ್ಪು ವಾಲ್ವಿನದಲ್ಲ, ಆಪರೇಟರನದೂ ಅಲ್ಲ.

ಮೇಸ್ತ್ರಿ ಆ ಸಂಜೆಯೇ ಆಪರೇಟರನ ಮನೆಗೆ ಹೋದ. ಆಪರೇಟರ್ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ.

"ರೇಡಿಯೇಟರಿಗೆ ನೀರು ಹಾಕ್ತಿದ್ದೆಯಾ?"

"ದಿನಾ ಬೆಳಿಗ್ಗೆ. ಕಡಿಮೆಯಾದಷ್ಟು ಕ್ಯಾನಿನಿಂದ ತುಂಬಿಸಿಯೇ ಕೀ ತಿರುಗಿಸ್ತಿದ್ದೆ. ಹಳೇ ಯಂತ್ರ, ಕುಡಿಯುತ್ತೆ ಅಂದ್ಕೊಂಡೆ."

ನೋಡಿದೆಯಾ? ಇಬ್ಬರೂ ಒಳ್ಳೆಯವರೇ. ಒಬ್ಬ ಎಲ್ಲರಿಗಿಂತ ಮೊದಲು ಬಂದು ತುಂಬಿಸಿದ. ಇನ್ನೊಬ್ಬ ಬಿಚ್ಚಿದ ಕೂಡಲೇ ತೊಳೆದ. ಪಾಪ, ರೋಗಕ್ಕೆ ಮುಖ ತೋರಿಸಲು ಜಾಗವೇ ಸಿಗಲಿಲ್ಲ.

ಮೇಸ್ತ್ರಿ ಅವನ ಎರಡೂ ಕೈ ಹಿಡಿದುಕೊಂಡ. ನನ್ನದು ತಪ್ಪಾಯಿತು, ಮ್ಯಾನೇಜರಿಗೆ ನಾನೇ ಹೇಳುತ್ತೇನೆ, ವಾಪಸ್ ಬಾ ಎಂದ. ಆಪರೇಟರ್ ಬೈಯಲಿಲ್ಲ. ಬೈದಿದ್ದರೆ ಮೇಸ್ತ್ರಿಗೆ ಹಗುರಾಗುತ್ತಿತ್ತು. ಅವನು ಒಂದೇ ಮಾತು ಕೇಳಿದ.

"ಮೂರು ಸಲ ಬಿಚ್ಚಿದ್ರಲ್ಲ ಮೇಸ್ತ್ರೀ, ಆವಾಗೆಲ್ಲ ಹೇಗಿತ್ತು?"

ಮೇಸ್ತ್ರಿ ನೆನಪು ಮಾಡಿಕೊಂಡ. ತೊಳೆದ ವಾಲ್ವ್ ನೆನಪಿಗೆ ಬಂತು. ತೊಳೆಯುವ ಮುಂಚಿನದು ಎಷ್ಟು ನೆನೆದರೂ ಬರಲಿಲ್ಲ. ಹಿಡಿದಿದ್ದ ಕೈ ಬಿಟ್ಟು ಎದ್ದು ಬಂದ. ಆಪರೇಟರ್ ಮತ್ತೆ ಆ ಗಣಿಗೆ ಕಾಲಿಡಲಿಲ್ಲ.

ಗುರುಗಳು ಇಷ್ಟು ಹೇಳಿ ಚೊಂಬಿನಿಂದ ನೀರು ಕುಡಿದರು. ಮರುಳಸಿದ್ಧನ ಕಣ್ಣು ತುಂಬಿತ್ತು.

"ತಿಳಿಯಿತು, ಬುದ್ಧಿ," ಎಂದ. "ಕೊಟ್ರಪ್ಪನದು ತಪ್ಪಿಲ್ಲ. ಈಗಲೇ ಹೋಗಿ ಅವನ ಕಾಲಿಗೆ ಬೀಳುತ್ತೇನೆ. ಇವತ್ತಿನಿಂದ ಒಂದು ಹೊತ್ತಲ್ಲ, ಮೂರು ದಿನ ಉಪವಾಸ ಹಿಡಿಯುತ್ತೇನೆ. ಎರಡು ಸಾವಿರ ಜಪ ಮಾಡುತ್ತೇನೆ."

ಗುರುಗಳು ಅಡುಗೆಮನೆಯ ಕಡೆಗೆ ತಿರುಗಿ, "ಕೊಟ್ರಪ್ಪಾ, ಆ ಗಂಟು ಒಳಗಿಟ್ಟು ಒಲೆ ಹಚ್ಚಪ್ಪಾ. ಇವನಿಗೂ ಸೇರಿಸಿ ಅಕ್ಕಿ ಹಾಕು," ಎಂದು ಕೂಗಿ ಹೇಳಿದರು. ಕಟ್ಟೆಯ ಮೇಲಿದ್ದ ಕೊಟ್ರಪ್ಪ ಎದ್ದು ಒಳಗೆ ಹೋದ.

ಮರುಳಸಿದ್ಧ ಕೈಮುಗಿದು ಏಳಲು ಹೊರಟ. ಗುರುಗಳು ಅವನ ತೋಳು ಹಿಡಿದು ಕೂರಿಸಿದರು.

"ನಿನ್ನೆ ಸೌಟು ಬಿಸಾಡಿದೆಯಲ್ಲ, ತಣ್ಣೀರು ಹೊಯ್ದುಕೊಳ್ಳುವ ಮುಂಚೆ ನಿನ್ನೊಳಗೆ ಹೇಗಿತ್ತು?"