ಪಕ್ಕದವನ ಕಿಟಕಿ

ಫ್ರಾನ್ಸ್ ದೇಶದ ಬರ್ಗಂಡಿ ಸೀಮೆಯಲ್ಲಿ, ದ್ರಾಕ್ಷಿ ತೋಟಗಳು ಮುಗಿದು ಕಾಡು ಶುರುವಾಗುವ ಕಡೆ, ವಾಲ್‌ಫ್ರೇನ್ ಎಂಬ ಹಳೆಯ ಸನ್ಯಾಸಿ ಮಠವಿದೆ. ಮಠ ಎಂದರೆ ಈಗ ಮುಕ್ಕಾಲು ಪಾಲು ಬರಿಯ ಗೋಡೆಗಳೇ. ಸನ್ಯಾಸಿಗಳು ಬಿಟ್ಟುಹೋಗಿ ಎಷ್ಟೋ ತಲೆಮಾರುಗಳು ಕಳೆದಿವೆ. ಇಗರ್ಜಿಯ ಮಾಡು ಬಿದ್ದು ಒಳಗೆ ಹುಲ್ಲು ಬೆಳೆದಿದೆ. ಬೇಸಿಗೆಯಲ್ಲಿ ಪ್ರವಾಸಿಗರ ಬಸ್ಸುಗಳು ಬರುತ್ತವೆ, ಈಗೀಗ ನಮ್ಮ ಹುಬ್ಬಳ್ಳಿ, ದಾವಣಗೆರೆ ಕಡೆಯವರೂ ಅದರಲ್ಲಿ ಇಳಿಯುತ್ತಾರೆ, ಇಳಿದವರು ಮೊದಲು ನೆರಳು ಹುಡುಕುತ್ತಾರೆ, ಆಮೇಲೆ ಮಠ ನೋಡುತ್ತಾರೆ. ತೋರಿಸುವವರು ಆ ಊರಿನವರೇ ಆದ ಒದೀಲ್ ಎಂಬ ವಯಸ್ಸಾದ ಹೆಂಗಸು. ಅವರು ಎಲ್ಲವನ್ನೂ ಬೇಗ ಬೇಗ ತೋರಿಸಿ ಮುಗಿಸಿ, ಹೊರ ಅಂಗಳದ ಕಡೆಯಿಂದ ಊಟದ ಮನೆಯ ಗೋಡೆಯ ಬಳಿಗೆ ಕರೆತಂದು ನಿಲ್ಲಿಸುತ್ತಾರೆ. ಅಲ್ಲಿ ಸೊಂಟದೆತ್ತರಕ್ಕೆ ಒಂದು ಚಿಕ್ಕ ಕಲ್ಲಿನ ಕಿಟಕಿಯಿದೆ. ಬಗ್ಗದೆ ಅದರೊಳಗೆ ನೋಡಲಾಗುವುದಿಲ್ಲ. ಅದರ ಹೆಸರು ‘ಪಕ್ಕದವನ ಕಿಟಕಿ’. ಯಾರ ಪಕ್ಕದವನು, ಯಾವ ಪಕ್ಕದವನು ಎಂದು ಕೇಳದೆ ಹೋದವರು ಕಡಿಮೆ. ಕೇಳಿದವರಿಗೆ ಒದೀಲ್ ಹೇಳುವ ಕಥೆ ಇದು. ಆ ಊರಿನಲ್ಲಿ ಮಕ್ಕಳಿಗೂ ಬರುತ್ತದೆ ಎನ್ನುತ್ತಾರೆ.

ಹಿಂದೆ ಒಮ್ಮೆ ಆ ಕಿಟಕಿಗೆ ಬೇರೆ ಹೆಸರಿತ್ತು. ‘ಸಂತನ ಕಿಟಕಿ’ ಎನ್ನುತ್ತಿದ್ದರು. ಸಂತ ಎಂದರೆ ಸ್ವರ್ಗ ಸೇರಿದವನಲ್ಲ, ಒಳಗೆ ಬೆಂಚಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ ಗೊತಿಯೇ ಎಂಬ ಸನ್ಯಾಸಿ. ಸಣ್ಣ ಪಾಳೆಯಗಾರರ ಮನೆಯ ಹುಡುಗ, ತಂದೆ ಸತ್ತ ಮೇಲೆ ತಾಯಿಯನ್ನೂ ಕುದುರೆಯನ್ನೂ ಬಿಟ್ಟು ಮಠ ಸೇರಿದವನು. ಆ ಮಠದ ಊಟಕ್ಕೆ ಎರಡು ಕಟ್ಟಳೆಗಳಿದ್ದವು. ಊಟದ ಹೊತ್ತಿಗೆ ಯಾರೂ ಮಾತಾಡುವಂತಿಲ್ಲ, ಒಬ್ಬ ಮೇಲಿನ ಕಟ್ಟೆಯಲ್ಲಿ ನಿಂತು ಧರ್ಮಗ್ರಂಥ ಓದುತ್ತಾನೆ, ಉಳಿದವರು ಕಣ್ಣು ತಗ್ಗಿಸಿ ಉಣ್ಣಬೇಕು. ಇದು ಒಂದು. ಇನ್ನೊಂದು, ಏನೇ ಕಡಿಮೆಯಾದರೂ ತನಗಾಗಿ ತಾನು ಕೇಳುವಂತಿಲ್ಲ. ಪಕ್ಕದಲ್ಲಿ ಕೂತವನು ಗಮನಿಸಿ, ಕೈಯೆತ್ತಿ, ಬಡಿಸುವವನಿಗೆ ಬೆರಳ ಸನ್ನೆ ಮಾಡಬೇಕು. ಎರಡು ಕೈಯ ಬೆರಳು ಸೇರಿಸಿ ಚಕ್ರ ಮಾಡಿದರೆ ರೊಟ್ಟಿ, ಕಿರುಬೆರಳನ್ನು ಮಗುವಿನಂತೆ ತುಟಿಗಿಟ್ಟರೆ ಹಾಲು. ನಮ್ಮ ಪಂಕ್ತಿಯಲ್ಲಿ ಪಕ್ಕದವರ ಎಲೆ ತೋರಿಸಿ ‘ಇವರಿಗೆ ಬಡಿಸಿ’ ಎನ್ನುವುದು ಉಪಚಾರ. ಅಲ್ಲಿ ಅದೇ ಕಟ್ಟಳೆ. ಒಬ್ಬೊಬ್ಬನ ಅನ್ನವೂ ಇನ್ನೊಬ್ಬನ ಕಣ್ಣಿನಲ್ಲಿತ್ತು.

ಉಳಿದ ಸನ್ಯಾಸಿಗಳು ಈ ಎರಡನ್ನೂ ಹೇಗೋ ತೂಗಿಸಿಕೊಂಡು ಹೋಗುತ್ತಿದ್ದರು. ತಲೆ ತಗ್ಗಿಸಿದಂತೆಯೂ ಇರುತ್ತಿತ್ತು, ವಾರೆಗಣ್ಣು ಪಕ್ಕದ ತಟ್ಟೆಯ ಮೇಲೂ ಇರುತ್ತಿತ್ತು. ಗೊತಿಯೇಗೆ ಇಂಥ ಅರ್ಧಂಬರ್ಧ ಕೆಲಸ ಒಗ್ಗುತ್ತಿರಲಿಲ್ಲ. ಅವನು ಕಣ್ಣು ತಗ್ಗಿಸಿದ ಎಂದರೆ ತಗ್ಗಿಸಿದ. ಬೆಂಚಿಗೆ ಬಂದು ಕೂತು ಎದ್ದುಹೋಗುವವರೆಗೂ ತನ್ನ ತಟ್ಟೆಯ ಅಂಚಿನ ಆಚೆ ಅವನ ದೃಷ್ಟಿ ದಾಟುತ್ತಿರಲಿಲ್ಲ. ಬಡಿಸುವವನ ಕೈಯಿಂದ ಪಾತ್ರೆ ಜಾರಿ ಬಿದ್ದರೂ ಅವನ ರೆಪ್ಪೆ ಮೇಲೇಳಲಿಲ್ಲವಂತೆ. ಮೊದಲು ಮಠದೊಳಗೆ, ಆಮೇಲೆ ಊರಿನಲ್ಲಿ, ಆಮೇಲೆ ಸುತ್ತಿನ ಸೀಮೆಯಲ್ಲೆಲ್ಲ ಈ ಸುದ್ದಿ ಹರಡಿತು. ಜನ ಮೇಣದ ಬತ್ತಿ, ಗೋಧಿ ಹೊತ್ತು ಬಂದು, ಮಧ್ಯಾಹ್ನದ ಗಂಟೆ ಬಾರಿಸಿದ ಕೂಡಲೇ ಆ ಕಿಟಕಿಗೆ ಮುಗಿಬಿದ್ದು, ಕಣ್ಣೆತ್ತದೆ ಉಣ್ಣುವ ಸಂತನನ್ನು ನೋಡಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಮನುಷ್ಯ ಉಣ್ಣುವುದನ್ನು ನೋಡಲು ಅಷ್ಟು ದೂರ ನಡೆಯುವ ಜನ ಎಲ್ಲ ದೇಶಗಳಲ್ಲೂ ಇರುತ್ತಾರೆ. ಗೊತಿಯೇಗೆ ಕಿಟಕಿಯ ಪಿಸುಮಾತು ಕೇಳಿಸುತ್ತಿತ್ತು. ಕೇಳಿಸಿದಾಗ ತಲೆ ಇನ್ನೂ ಒಂದಿಷ್ಟು ತಗ್ಗುತ್ತಿತ್ತು. ಅವನ ಮನಸ್ಸಿಗೆ ಹಿತವಾದ ಇನ್ನೊಂದು ಸಂಗತಿಯೂ ಇತ್ತು. ಅವನ ಲೋಟ ಬರಿದಾದರೆ ಕ್ಷಣದಲ್ಲಿ ತುಂಬುತ್ತಿತ್ತು. ರೊಟ್ಟಿ ಮುಗಿದರೆ ಇನ್ನೊಂದು ತುಂಡು ತಾನಾಗಿ ಬಂದು ಬೀಳುತ್ತಿತ್ತು. ದೇವರೇ ನನ್ನ ಊಟ ನೋಡಿಕೊಳ್ಳುತ್ತಾನೆ ಎಂದು ಅವನು ನಂಬಿದ್ದ. ಹೊಸದಾಗಿ ಮಠ ಸೇರಿದವರಿಗೆ ಇದನ್ನು ಹೇಳುತ್ತಲೂ ಇದ್ದ.

ಬೆಂಚಿನ ತುದಿಯಲ್ಲಿ ಗೋಡೆಗೆ ಒತ್ತಿ ಕೂರುತ್ತಿದ್ದವರು ಎವ್ರಾರ್ ಎಂಬ ಮುದುಕ ಸನ್ಯಾಸಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಗೊತಿಯೇ. ಎಂದರೆ ಅವರಿಗೆ ಇದ್ದ ಪಕ್ಕದವನು ಅವನೊಬ್ಬನೇ. ಹಿಂದಿನ ಚಳಿಗಾಲದ ಜ್ವರದಲ್ಲಿ ಅವರ ಹಲ್ಲುಗಳೆಲ್ಲ ಸಡಿಲವಾಗಿ ಉದುರಿಹೋಗಿದ್ದವು. ಮಠದ ರೊಟ್ಟಿ ಕಲ್ಲಿನಂಥದ್ದು. ಅವರು ಅದರ ಒಳಗಿನ ಮೆತ್ತನೆಯ ಭಾಗವನ್ನು ಬೆರಳಿನಿಂದ ಕೆದಕಿ, ಇದ್ದಷ್ಟು ತಿಂದು, ಉಳಿದದ್ದನ್ನು ಹಾಗೇ ಬಿಡುತ್ತಿದ್ದರು. ಹಾಲಿನಲ್ಲಿ ನೆನೆಸಿದ ರೊಟ್ಟಿ ಕೊಡಿ ಎಂದು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು. ಮಾಡಬೇಕಾದವನು ತಟ್ಟೆ ನೋಡುತ್ತಿದ್ದ. ಬಡಿಸುವವರು ವಾರಕ್ಕೊಬ್ಬರು ಬದಲಾಗುತ್ತಿದ್ದರು. ಹಿಂದಿರುಗಿದ ರೊಟ್ಟಿ ಕಂಡು, ಸಂತನ ಪಕ್ಕ ಕೂತು ಇವರೂ ಉಪವಾಸ ಹಿಡಿದಿದ್ದಾರೆ ಎಂದುಕೊಂಡು ಭಕ್ತಿಯಿಂದಲೇ ಎತ್ತಿಕೊಂಡು ಹೋಗುತ್ತಿದ್ದರು. ತೆಳ್ಳನೆಯ ಗಂಜಿಯ ಮೇಲೆ ಮುದುಕ ಬೇಸಿಗೆಯವರೆಗೂ ಉಸಿರು ಹಿಡಿದಿದ್ದರು.

ಆ ಬೇಸಿಗೆಯಲ್ಲಿ ಗೊತಿಯೇಯ ತಾಯಿ ಆಲಿಕ್ಸ್ ಮಗನನ್ನು ನೋಡಲು ಬಂದಳು. ಹೆಂಗಸರಿಗೆ ಮಠದೊಳಗೆ ಪ್ರವೇಶವಿರಲಿಲ್ಲ. ಅತಿಥಿಗಳ ಮನೆಯಲ್ಲಿ ಇಳಿದುಕೊಂಡು, ಮಗನ ಜೊತೆ ಮಾತಾಡಲು ಮಠಾಧಿಪತಿಯ ಅಪ್ಪಣೆಗೆ ಕಾಯುತ್ತ, ಅವಳೂ ಎಲ್ಲರಂತೆ ಮಧ್ಯಾಹ್ನ ಕಿಟಕಿಯ ಬಳಿ ನಿಂತಳು. ಇವಳು ಸಂತನ ತಾಯಿ ಎಂದು ಜನ ದಾರಿ ಬಿಟ್ಟರು. ಮೊದಲ ದಿನ ಅವಳು ಮಗನನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ತೆಳ್ಳಗಾಗಿದ್ದಾನೆ, ಕೂದಲು ಬೋಳಿಸಿದ್ದಾರೆ, ಕೈ ಮಾತ್ರ ಅವರಪ್ಪನದೇ, ಎಂದು ಅತ್ತಳು. ಮಾರನೆಯ ದಿನ ಕಣ್ಣಿಗೆ ಮಗ ಸಾಕಷ್ಟು ತುಂಬಿದ್ದ. ಆಗ ಪಕ್ಕದವರು ಕಂಡರು. ಅದರ ಮಾರನೆಯ ದಿನ ಅವಳು ಅವರನ್ನೇ ನೋಡಿದಳು. ಅಪ್ಪಣೆ ಸಿಕ್ಕಿ ಗೊತಿಯೇ ಅತಿಥಿಗಳ ಮನೆಗೆ ಬಂದಾಗ, ತಾಯಿ ತನ್ನನ್ನು ಕಂಡು ಹೆಮ್ಮೆಪಡುತ್ತಾಳೆ, ಅದನ್ನು ವಿನಯದಿಂದ ತಳ್ಳಿಹಾಕಬೇಕು ಎಂದು ಮಾತು ಸಿದ್ಧಮಾಡಿಕೊಂಡೇ ಬಂದಿದ್ದ. ಅವಳು ಅವನ ಕೈ ಹಿಡಿದು ಕೂರಿಸಿ ಕೇಳಿದ್ದು ಬೇರೆ.

“ನಿನ್ನ ಪಕ್ಕ ಕೂರ್ತಾರಲ್ಲ, ಗೋಡೆ ಕಡೆ, ಅವರು ಯಾರಪ್ಪ?”

“ಎವ್ರಾರ್ ಅಂತ, ನಮ್ಮ ಹಿರಿಯರು.”

“ಅವರಿಗೆ ಹಲ್ಲಿದೆಯಾ?”

ಮಠ ಸೇರಿದಂದಿನಿಂದ ಅದೇ ಬೆಂಚು, ಅದೇ ಪಕ್ಕ. ಗೊತಿಯೇ ಆ ಮುಖವನ್ನು ನೆನೆಸಿಕೊಳ್ಳಲು ನೋಡಿದ. ಹುಬ್ಬು ಬಿಳಿಯೋ ಕಪ್ಪೋ, ಕೆನ್ನೆ ತುಂಬಿದೆಯೋ ಬತ್ತಿದೆಯೋ, ಒಂದೂ ಬರಲಿಲ್ಲ. “ನಾನು ಊಟದಲ್ಲಿ ಕಣ್ಣೆತ್ತುವುದಿಲ್ಲ ಅಮ್ಮ,” ಎಂದ. “ಎತ್ತಬೇಕಾಗಿಯೂ ಬಂದಿಲ್ಲ. ನನಗೆ ಏನು ಬೇಕೋ ದೇವರೇ ಹೊತ್ತಿಗೆ ಸರಿಯಾಗಿ ಕಳಿಸುತ್ತಾನೆ.”

ಆಲಿಕ್ಸ್ ಅವನ ಕೈ ಬಿಟ್ಟಳು. “ದೇವರಲ್ಲ ಕಣೋ. ಆ ಮುದುಕರು. ನಿನ್ನ ಲೋಟ ಬರಿದಾದಾಗಲೆಲ್ಲ ಅವರ ಕೈ ಮೇಲೇಳುತ್ತೆ. ಎತ್ತೋಕೆ ಆಗಲ್ಲ, ಇನ್ನೊಂದು ಕೈಯಿಂದ ಮೊಣಕೈ ಹಿಡಿದು ಎತ್ತುತ್ತಾರೆ. ತಮ್ಮ ರೊಟ್ಟಿ ಹಾಗೇ ವಾಪಸ್ಸು ಹೋಗುತ್ತೆ. ಹೊರಗೆ ಜನ ನಿನ್ನನ್ನು ಹೊಗಳ್ತಾ ಇದ್ದರು. ನನಗೆ ಅಲ್ಲಿ ನಿಲ್ಲೋಕೆ ನಾಚಿಕೆಯಾಯಿತು.” ಅಷ್ಟು ಹೇಳಿ ಅವಳು ಸೆರಗಿನಂತೆ ಹೊದ್ದಿದ್ದ ಶಾಲನ್ನು ಮುಖದ ಮೇಲೆ ಎಳೆದುಕೊಂಡಳು.

ಬೈದಿದ್ದರೆ ಗೊತಿಯೇ ತಡೆದುಕೊಳ್ಳುತ್ತಿದ್ದ, ಬೈಗುಳವನ್ನು ವಿನಯದಿಂದ ಕೇಳುವುದು ಅವನಿಗೆ ಅಭ್ಯಾಸವಿತ್ತು. ಹೆತ್ತವಳು ತನ್ನ ದೆಸೆಯಿಂದ ಮುಖ ಮುಚ್ಚಿಕೊಂಡದ್ದು ಅಭ್ಯಾಸವಿರಲಿಲ್ಲ. ದೇವರು ಲೋಟ ತುಂಬಿಸುತ್ತಾನೆಂದು ತಾನು ಯಾರ್‍ಯಾರಿಗೆ ಹೇಳಿದ್ದೇನೆ ಎಂದು ಒಂದೊಂದೇ ಮುಖ ನೆನಪಾಯಿತು. ಎವ್ರಾರ್ ಪಕ್ಕದಲ್ಲಿದ್ದಾಗಲೇ ಹೇಳಿದ್ದೂ ಉಂಟು. ಆಗ ಮುದುಕ ಏನು ಮಾಡಿದ್ದರು? ಅದೂ ಗೊತ್ತಿಲ್ಲ, ನೋಡಿರಲಿಲ್ಲ.

ಮಾರನೆಯ ಮಧ್ಯಾಹ್ನ ಅವನು ಎಂದಿನಂತೆ ಬಂದು ಕೂತ. ಕಿಟಕಿಯಲ್ಲಿ ಎಂದಿನಂತೆ ಪಿಸುಮಾತು. ಕಣ್ಣೆತ್ತಿದರೆ ಇಷ್ಟು ವರ್ಷದ ಹೆಸರು ಆ ಕ್ಷಣವೇ ಹೋಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದಕ್ಕೇ, ಆ ಹೆಸರಿನ ಮೇಲೆ ತನಗೆ ಈಗಲೂ ಆಸೆಯಿದೆ ಎಂಬುದಕ್ಕೇ, ಇನ್ನಷ್ಟು ನಾಚಿಕೆಯಾಯಿತು. ಓದುವವನು ಪುಟ ತಿರುಗಿಸುವಷ್ಟರಲ್ಲಿ ಗೊತಿಯೇ ತಲೆಯೆತ್ತಿದ. ಮೊದಲು ಕಂಡದ್ದು ಕಿಟಕಿಯ ತುಂಬ ಮುಖಗಳು, ಅವುಗಳಲ್ಲಿ ಬಿಟ್ಟ ಬಾಯಿಗಳು. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಒಬ್ಬಳ ಹೊರತು. ಆಲಿಕ್ಸ್ ಅವರ ನಡುವೆ ಕಣ್ಣು ತಗ್ಗಿಸಿಕೊಂಡಿದ್ದಳು. ಅವನು ಪಕ್ಕಕ್ಕೆ ತಿರುಗಿದ. ಎವ್ರಾರ್ ಅವರ ಹುಬ್ಬು ಬಿಳಿಯದು. ಕೆನ್ನೆಗಳು ಒಳಕ್ಕೆ ಹೋಗಿದ್ದವು, ಕುತ್ತಿಗೆಯ ಸುತ್ತ ನಿಲುವಂಗಿ ದೊಡ್ಡದಾಗಿತ್ತು. ಗೊತಿಯೇ ಕೈಯೆತ್ತಿ ಕಿರುಬೆರಳನ್ನು ತುಟಿಗಿಟ್ಟ. ಆ ಕೈ ಮೇಲೆದ್ದದ್ದನ್ನು ಎಂದೂ ಕಾಣದ ಬಡಿಸುವವನು ಗಲಿಬಿಲಿಗೊಂಡು ನಿಂತ, ಆಮೇಲೆ ಓಡಿದ. ಹಾಲಿನಲ್ಲಿ ನೆನೆದ ರೊಟ್ಟಿ ಬಂತು. ಮುದುಕ, ಬಡಿಸಿಕೊಂಡವರು ಮಾಡಬೇಕಾದಂತೆ, ಗೊತಿಯೇಗೆ ತಲೆಬಾಗಿ, ಒಂದೆರಡು ಚಮಚ ಉಂಡರು. ಹೆಚ್ಚು ಇಳಿಯಲಿಲ್ಲ. ಚಮಚ ಕೆಳಗಿಟ್ಟು, ಗೊತಿಯೇಯ ಲೋಟ ಬರಿದಾಗಿರುವುದನ್ನು ನೋಡಿ, ಮೊಣಕೈಯನ್ನು ಹಿಡಿದು ಕೈಯೆತ್ತಿದರು.

ಅಂದೇ ಎವ್ರಾರ್ ಅವರನ್ನು ರೋಗಿಗಳ ಕೋಣೆಗೆ ಸೇರಿಸಿದರು. ಅಲ್ಲಿ ಊಟದ ಹೊತ್ತಿನಲ್ಲೂ ಮಾತಾಡಬಹುದಿತ್ತು. ಗೊತಿಯೇ ಹಾಲಿನ ಬಟ್ಟಲು ಹಿಡಿದು ಹಾಸಿಗೆಯ ಪಕ್ಕ ಕೂತು, “ಒಂದು ಸಲ ಮೊಣಕೈಯಿಂದ ತಿವಿಯಬಾರದಿತ್ತೇ ಅಣ್ಣ?” ಎಂದು ಕೇಳಿದ.

“ನೋಡುತ್ತೀಯ ಅಂದುಕೊಂಡೆ ತಮ್ಮಾ,” ಎಂದರು ಮುದುಕ. “ಇವತ್ತಲ್ಲದಿದ್ದರೆ ನಾಳೆ.”

ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಗೊತಿಯೇಗೆ ಅನ್ನಿಸಿತು. ಹಾಲು, ಮೊಟ್ಟೆ, ಕೋಳಿ ಸಾರು ಎಲ್ಲ ಬಂದವು, ತಡವಾಗಿ ಬಂದವು. ದ್ರಾಕ್ಷಿ ಕೊಯ್ಲು ಶುರುವಾಗುವ ಮೊದಲೇ ಎವ್ರಾರ್ ತೀರಿಕೊಂಡರು.

ಸತ್ತ ಸನ್ಯಾಸಿಯ ಜಾಗದಲ್ಲಿ ಒಂದು ತಿಂಗಳು ಊಟ ಬಡಿಸಿ, ಅದನ್ನು ಬಾಗಿಲಿಗೆ ಬಂದ ಬಡವರಿಗೆ ಕೊಡುವುದು ಆ ಮಠದ ಪದ್ಧತಿ. ಎವ್ರಾರ್ ಅವರ ಜಾಗಕ್ಕೂ ಗಟ್ಟಿ ರೊಟ್ಟಿ ಬಂತು. ಗೊತಿಯೇ ಖಾಲಿ ಬೆಂಚಿನ ಕಡೆ ತಿರುಗಿ, ಕೈಯೆತ್ತಿ, ಕಿರುಬೆರಳನ್ನು ತುಟಿಗಿಟ್ಟ. ಬಡಿಸುವವನು ಮಠಾಧಿಪತಿಯ ಮುಖ ನೋಡಿದ. ಮಠಾಧಿಪತಿ ತಲೆಯಾಡಿಸಿದರು. ತಿಂಗಳಿಡೀ ಹೀಗೇ ನಡೆಯಿತು. ಕಿಟಕಿಯಲ್ಲಿ ನಿಂತವರಲ್ಲಿ ಕೆಲವರು ನಕ್ಕರು, ಕೆಲವರು ಸಂತನಿಗೆ ಬುದ್ಧಿ ಕೆಟ್ಟಿತೆಂದು ತಂದ ಮೇಣದ ಬತ್ತಿಯನ್ನು ವಾಪಸ್ಸು ಒಯ್ದರು. ಕಡೆಗೆ ಮಠಾಧಿಪತಿ, ಕಿಟಕಿಯನ್ನು ಕಲ್ಲಿಟ್ಟು ಮುಚ್ಚಿಸುತ್ತೇನೆ, ಇವನ ಸಂಕಟ ಊರವರ ಬಾಯಿಗೆ ಬೀಳುವುದು ಬೇಡ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆಗ ಗೊತಿಯೇ ಎಲ್ಲರ ಎದುರು, ತಪ್ಪು ಒಪ್ಪಿಕೊಳ್ಳುವವರ ರೂಢಿಯಂತೆ ನೆಲದ ಮೇಲೆ ಉದ್ದಕ್ಕೆ ಮಲಗಿ ಬೇಡಿಕೊಂಡ. “ಮುಚ್ಚಬೇಡಿ ಸ್ವಾಮಿ. ನನ್ನ ತಾಯಿಗೆ ಅಲ್ಲಿಂದ ಕಂಡದ್ದು ನನಗೆ ಪಕ್ಕದಿಂದ ಕಾಣಲಿಲ್ಲ. ಕಿಟಕಿ ಇರಲಿ. ಅದಕ್ಕೆ ನನ್ನ ಹೆಸರು ಮಾತ್ರ ಬೇಡ, ಎವ್ರಾರ್ ಅವರದು ಇರಲಿ.” ಎವ್ರಾರ್ ಎಂಬ ಹೆಸರು ಹೊರಗಿನ ಜನಕ್ಕೆ ಎಂದೂ ತಿಳಿದಿರಲಿಲ್ಲ. ಸಂತನ ಪಕ್ಕದವನು ಎಂದಷ್ಟೇ ತಿಳಿದಿತ್ತು. ಹಾಗಾಗಿ ಅದು ಪಕ್ಕದವನ ಕಿಟಕಿಯಾಯಿತು. ಗೊತಿಯೇಯನ್ನು ಸಂತನೆಂದು ಆಮೇಲೆ ಯಾರೂ ಕರೆಯಲಿಲ್ಲ. ಅವನು ಮುದುಕನಾಗುವವರೆಗೂ ಬದುಕಿದ, ಅವನ ಪಕ್ಕ ಕೂತವರ ರೊಟ್ಟಿ ಹಿಂದಿರುಗಿದ್ದನ್ನು ಯಾರೂ ಕಾಣಲಿಲ್ಲ ಎನ್ನುತ್ತಾರೆ.

ಈಗ ಊಟದ ಮನೆಯಲ್ಲಿ ಮೇಜುಗಳಿಲ್ಲ, ಗೋಡೆಗುಂಟ ಸವೆದ ಕಲ್ಲಿನ ಬೆಂಚು ಮಾತ್ರ ಉಳಿದಿದೆ. ಯಾವುದೋ ಕಾಲದಲ್ಲಿ ಮಾಡು ಕುಸಿಯಲು ಬಂದಾಗ ಆಸರೆಗೆಂದು ದಪ್ಪನೆಯ ಕಂಬವೊಂದನ್ನು ಎಬ್ಬಿಸಿದ್ದಾರೆ. ಅದು ಕಿಟಕಿಗೆ ಅಡ್ಡಲಾಗಿ ನಿಂತು, ಗೊತಿಯೇ ಕೂರುತ್ತಿದ್ದ ಜಾಗವನ್ನು ಪೂರ್ತಿ ಮರೆಮಾಡಿದೆ. ಬಗ್ಗಿ ನೋಡಿದವರಿಗೆ ಕಾಣುವುದು ಗೋಡೆಗೆ ಒತ್ತಿದ ಆ ತುದಿಯ ಜಾಗವೊಂದೇ, ಬೆಳಗಿನ ಹೊತ್ತಾದರೆ ಅದರ ಮೇಲೆ ಒಂದಿಷ್ಟು ಬಿಸಿಲು. ಫೋಟೋ ತೆಗೆಯಲೆಂದು ಬಗ್ಗಿದವರು ನಿರಾಶರಾಗಿ, “ಇಲ್ಲಿ ಯಾರೂ ಕಾಣಿಸೋದಿಲ್ಲವಲ್ಲ,” ಎನ್ನುತ್ತಾರೆ. “ಗೊತಿಯೇಗೂ ಕಾಣಿಸುತ್ತಿರಲಿಲ್ಲ,” ಎನ್ನುತ್ತಾರೆ ಒದೀಲ್. ಆಗ ಬಗ್ಗಿದ್ದವರು ಸೊಂಟವನ್ನು ನೆಟ್ಟಗೆ ಮಾಡಿಕೊಂಡು, ತಮ್ಮ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಒಮ್ಮೆ ತಿರುಗಿ ನೋಡುತ್ತಾರೆ.