ಸವರಿಯಮ್ಮ ಸ್ವಾಮಿಗೆ ಮಣೆ ತೆರವು ಮಾಡಿದ ಕಥೆ

ದೀಪ ಹಚ್ಚಿ ಆಯಿತಲ್ಲ, ಬತ್ತಿ ಸ್ವಲ್ಪ ಮುಂದೆ ಮಾಡಿ. ಗೋಡೆಗೆ ಒರಗಿದವರು ನೆಟ್ಟಗೆ ಕೂತುಕೊಳ್ಳಿ. ಮಗುವಿಗೆ ಹಾಲೂಡಿಸುವವರು ಹಾಗೇ ಕೂತು ಕೇಳಿ, ದೋಷವಿಲ್ಲ. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಶಿಲುಬೆ ಗುರುತು ಹಾಕಿಕೊಂಡು, ಖಾಲಿ ಮಣೆಯ ಶುಕ್ರವಾರದ ಕಥೆಯನ್ನು ಭಯಭಕ್ತಿಯಿಂದ ಕೇಳುವಂಥವರಾಗಿ.

ಕಾವೇರಿಯ ಆಚೆ ದಡದಲ್ಲಿ ಜೇಡಿಮಣ್ಣಿನ ದಿಬ್ಬದ ಮೇಲೆ ಒಂದು ಹಳ್ಳಿ. ಅಲ್ಲಿ ಇನ್ನಾಸಪ್ಪನೆಂಬ ಕುಂಬಾರನೂ ಅವನ ಹೆಂಡತಿ ಸವರಿಯಮ್ಮನೂ ಇದ್ದರು. ಮಡಕೆ ತಿರುಗಿಸುವ ಒಂದು ತಿಗರಿ, ಒಂದು ಕತ್ತೆ, ಸೋರುವ ಒಂದು ಗುಡಿಸಲು, ಅಷ್ಟೇ ಅವರ ಬದುಕು. ಆ ಮನೆಯಲ್ಲಿ ಅತ್ತೆಯ ಅತ್ತೆಯ ಕಾಲದಿಂದ ಒಂದು ವ್ರತ ನಡೆದು ಬಂದಿತ್ತು. ಶಿಲುಬೆಯ ಪಾಡು ನೆನೆಯುವ ತಪಸ್ಸುಕಾಲದ ಶುಕ್ರವಾರಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ನೆಲ ಸಾರಿಸಿ, ದೀಪದ ಬಲಕ್ಕೆ ಒಂದು ಮಣೆ ಹಾಕಿ, ಮಣೆಯ ಮುಂದೆ ಒಂದು ಲೋಟ ನೀರಿಟ್ಟು, ಮಣೆಯ ಮೇಲೆ ಯಾರನ್ನೂ ಕೂರಿಸದೆ, ಏನನ್ನೂ ಇಡದೆ, ‘ನೀನೇ ಬೇಕು ಸ್ವಾಮಿ, ಬಾ’ ಎಂದು ಕರೆದು ಕಾಯಬೇಕು. ಬೇರೆ ಏನನ್ನೂ ಕೇಳಬಾರದು.

ಅತ್ತೆ ತೀರಿಕೊಂಡ ಮೇಲೆ ವ್ರತ ಸವರಿಯಮ್ಮನ ಕೈಗೆ ಬಂತು. ಅವಳದು ಸುಮ್ಮನಿರುವ ಕೈಯಲ್ಲ. ‘ಬಾ ಬಾ ಅಂತ ಬರೀ ಕರೆದು ಏಳೋದಾ? ದೊರೆ ಬಾಗಿಲಿಗೆ ಹೋದವರು ಏನಾದರೂ ಕೇಳಿಕೊಂಡೇ ತಾನೇ ಬರೋದು?’ ಎಂದುಕೊಂಡು, ಹಸಿ ಮಣ್ಣಲ್ಲಿ ಒಂದು ಪುಟ್ಟ ಮಡಕೆ ಮಾಡಿ, ನೆರಳಲ್ಲಿ ಒಣಗಿಸಿ, ಮಣೆಯ ಮೇಲಿಟ್ಟು, ಆವಿಗೆಯಲ್ಲಿ ಸುಡುವಾಗ ಮಡಕೆ ಒಡೆಯದಿರಲಿ ಎಂದು ಬೇಡಿಕೊಂಡಳು. ಸ್ವಾಮಿ ಕೊಟ್ಟರು. ಮರುವರ್ಷ ಒಂದು ತೊಟ್ಟಿಲು ಮಾಡಿಟ್ಟಳು, ಹೆಣ್ಣುಮಗು ಹುಟ್ಟಿತು, ಮರಿಯನ್ನಮ್ಮ ಎಂದು ಜ್ಞಾನಸ್ನಾನ ಮಾಡಿಸಿದರು. ಆಮೇಲೆ ಹೆಂಚಿನ ಮನೆ, ಹಸು, ಕೊರಳಿಗೆ ಸರ, ನೆರೆಯವಳಿಗಿಂತ ಒಂದು ಎಳೆ ಉದ್ದದ ಸರ. ಎಲ್ಲವೂ ಮಣ್ಣಿನಲ್ಲಿ ಮಣೆ ಏರಿದವು, ಎಲ್ಲವೂ ಮನೆಗೆ ಬಂದವು. ಇನ್ನಾಸಪ್ಪ ನೋಡಿ, “ಏನೇ ಸವರೀ, ಸ್ವಾಮಿಗೆ ಮಣೆ ಹಾಕಿದ್ದೀಯೋ, ಸಂತೆ ಹಾಕಿದ್ದೀಯೋ?” ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಏಳನೆಯ ವರ್ಷ ಅವಳಿಗೊಂದು ದಾಹ ಹತ್ತಿತು. ಚೊಂಬು ಕುಡಿದರೂ ಇಂಗಲಿಲ್ಲ, ಕೊಡ ಕುಡಿದರೂ ಇಂಗಲಿಲ್ಲ. ಸಾವಿರ ಹೂಜಿ ಮಾರಿದ ಮನೆಯ ಯಜಮಾನಿ ನಾಲಿಗೆ ಒಣಗಿಸಿಕೊಂಡು ಕೂತಳು. ಇನ್ನಾಸಪ್ಪ ಕತ್ತೆಯ ಮೇಲೆ ಕಾವೇರಿಯ ನೀರು ಹೇರಿ ತಂದ, ಶಿಲುಬೆಯ ಗುಡಿಯ ಬಾವಿಯ ನೀರು ಸೇದಿ ತಂದ, ಪಂಡಿತರ ಕಷಾಯ ತಂದ. ಏನೂ ನಾಟಲಿಲ್ಲ. “ಹಿಂಗೇ ಆದ್ರೆ ಹೊಳೆ ಬತ್ತೋಗುತ್ತೆ ಕಣ್ರೇ” ಎಂದು ನೀರಿಗೆ ಬಂದ ಹೆಂಗಸರು ಆಡಿಕೊಂಡರು. ಅನ್ನ ಸೇರದೆ, ನಿದ್ದೆ ಬಾರದೆ ಅವಳು ಸೊರಗಿ ಕಡ್ಡಿಯಾದಳು. ಕಡೆಗೆ ಮಣ್ಣಿನದೊಂದು ಹೂಜಿ ಮಾಡಿ, ದಾಹ ಹೋಗಲೆಂದು ಬೇಡಲು ಮಣೆಯ ಮೇಲಿಡಹೋದರೆ, ಇಡಲು ಜಾಗವೇ ಇರಲಿಲ್ಲ. ಅಂಚಿಗೆ ಇಟ್ಟಳು. ಉರುಳಿತು. ಮತ್ತೆ ಇಟ್ಟಳು. ಮತ್ತೆ ಉರುಳಿತು.

ಅವಳು ಹೂಜಿಯನ್ನು ನೆಲದ ಮೇಲೇ ಬಿಟ್ಟು ಗುಡಿಯ ಜಗಲಿಗೆ ಓಡಿದಳು. ಅಲ್ಲಿ ಮದಲೇನಮ್ಮನೆಂಬ ಕುರುಡಿ ಮುದುಕಿ ದೀಪದ ಕಂಬಗಳನ್ನು ಬೂದಿ ಹಚ್ಚಿ ಉಜ್ಜುತ್ತ ಕೂತಿರುತ್ತಿದ್ದಳು. ಎಲ್ಲವನ್ನೂ ಕೇಳಿ ಆ ಮುದುಕಿ ಅಂದಳು:

“ಅಲ್ಲ ಕಣವ್ವಾ, ಅಷ್ಟೆಲ್ಲ ಪೇರಿಸಿಟ್ರೆ ಅವರು ಕೂರೋದೆಲ್ಲಿ? ನಿಮ್ಮಪ್ಪ ಊರಿಂದ ಬಂದ್ರೆ ಅವನ ತಲೆ ಮೇಲಿನ ಗಂಟು ಇಳಿಸ್ಕೊಂಡು, ಅವನನ್ನ ಅಂಗಳದಲ್ಲೇ ನಿಲ್ಲಿಸ್ತೀಯಾ?”

ಸವರಿಯಮ್ಮ ಮುದುಕಿಯ ಪಕ್ಕ ಜಗಲಿಯ ಮೇಲೆ ಕೂತಳು.

“ಏಳು ವರ್ಷದಿಂದ ನಿಂತವ್ರೆ,” ಅಂದಳು ಮುದುಕಿ. “ಶಿಲುಬೆ ಮೇಲೆ ಅವರೂ ಬಾಯಾರಿದ್ರು ಮಗಳೇ. ಆ ದಾಹದಲ್ಲಿ ಒಂದು ತೊಟ್ಟು ನಿನಗೆ ಕೊಟ್ಟವ್ರೆ. ನೀನು ಅದಕ್ಕೆ ಕಷಾಯ ಕುಡೀತಿದ್ದೀಯ.”

ಅಂದು ಶುಕ್ರವಾರ. ಸವರಿಯಮ್ಮ ಮನೆಗೆ ಬಂದು ನೆಲ ಸಾರಿಸಿ, ಮಣ್ಣು ನೆನೆಹಾಕುವ ಬಾನಿಯನ್ನು ಪಕ್ಕಕ್ಕೆಳೆದುಕೊಂಡು, ಮಣೆಯ ಮೇಲಿನದನ್ನು ಒಂದೊಂದಾಗಿ ಎತ್ತಿ ನೀರಿಗೆ ಬಿಟ್ಟಳು. ಸರ ಕರಗಿತು, ಹಸು ಕರಗಿತು, ಮನೆ ಕರಗಿತು, ಪುಟ್ಟ ಮಡಕೆಯೂ ಕರಗಿತು. ಮಣೆಯ ಮೇಲೆ ತೊಟ್ಟಿಲೊಂದು ಉಳಿಯಿತು. ಅದರ ಮೇಲೆ ಕೈಯಿಟ್ಟವಳಿಗೆ ಕೈ ಏಳಲೇ ಇಲ್ಲ. ಬೀದಿಯಲ್ಲಿ ಮರಿಯನ್ನಮ್ಮ ಕುಂಟೆಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ‘ಇದನ್ನು ಎತ್ತಿದರೆ ಮಗುವನ್ನೂ ಎತ್ತಿಕೊಂಡುಬಿಟ್ಟರೆ?’ ಎಂದುಕೊಂಡು ಗಂಡನ ಮುಖ ನೋಡಿದಳು. ಇನ್ನಾಸಪ್ಪ ನಗುವುದನ್ನು ಮರೆತು, “ಅದೊಂದು ಇರಲಿ ಬಿಡೇ. ಮೂಲೆಗೆ ಸರಿಸು. ಅವರು ಹೊಂದಿಸ್ಕೋತಾರೆ,” ಎಂದ.

ಅವಳು ಮೂಲೆಗೆ ಸರಿಸಿ ನೋಡಿದಳು. ಆಗ ಕಂಡಿದ್ದೇನೆಂದರೆ, ಇಡೀ ಮಣೆಯಲ್ಲಿ ಅವಳ ಕಣ್ಣು ನೆಟ್ಟಿದ್ದು ಆ ಮೂಲೆಯೊಂದರಲ್ಲೇ. “ಕೊಟ್ಟವರು ನೀವು. ಅವಳನ್ನ ನೋಡ್ಕೊಳ್ಳೋರೂ ನೀವು. ನನಗೆ ನೀವು ಬೇಕು,” ಎಂದು ಅತ್ತು, ತೊಟ್ಟಿಲನ್ನು ಬಾನಿಗೆ ಬಿಟ್ಟಳು. ಹೂಜಿಯನ್ನೂ ಬಿಟ್ಟಳು. ದಾಹ ಹೋಗಲೆಂದೂ ಕೇಳಲಿಲ್ಲ. ಮಣೆ ಒರೆಸಿ, ಲೋಟಕ್ಕೆ ನೀರು ತುಂಬಿ, ಗಂಡನ ಪಕ್ಕ ಮೊಣಕಾಲೂರಿ, ‘ನೀನೇ ಬೇಕು ಸ್ವಾಮಿ, ಬಾ’ ಎಂದಳು.

ಮುಂದೆ ನಡೆದದ್ದನ್ನು ಹೇಳಲು ನನಗೆ ಬಾಯಿ ಸಾಲದು, ತಿಳಿದಷ್ಟು ಹೇಳುತ್ತೇನೆ. ಗಾಳಿಗೆ ಓಲಾಡುತ್ತಿದ್ದ ದೀಪ ಬರೆದಿಟ್ಟಂತೆ ನಿಂತಿತು. ತಿಗರಿ ತಾನಾಗಿ ಒಂದು ಸುತ್ತು ತಿರುಗಿ ನಿಂತಿತು. ಯಾರೂ ನಡೆಯದೆ ನೆಲ ಅದುರಿ ಲೋಟದ ನೀರು ನಡುಗಿತು. ಇನ್ನಾಸಪ್ಪ ನೆಲಕ್ಕೆ ಮುಖವಿಟ್ಟುಬಿಟ್ಟ. ಸವರಿಯಮ್ಮ ಮಾತ್ರ ನೋಡಿದಳು. ಏನು ನೋಡಿದಳೆಂದು ಸಾಯುವತನಕ ಯಾರಿಗೂ ಹೇಳಲಿಲ್ಲ, ಕೇಳಿದರೆ ಕಣ್ಣು ತುಂಬಿಕೊಂಡು ಕೈ ಮುಗಿಯುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಅವಳು ಮಣೆ ಮುಟ್ಟಿದರೆ, ಯಾರೋ ಈಗತಾನೇ ಎದ್ದು ಹೋದಂತೆ ಬೆಚ್ಚಗಿತ್ತು.

ಆ ಲೋಟದ ನೀರು ಕುಡಿದಳು. ಗಂಟಲಿನ ದಾಹ ಇಂಗಿತು. ಎದೆಯಲ್ಲಿ ಇನ್ನೊಂದು ದಾಹ ಹುಟ್ಟಿತು. ಅದನ್ನು ಅವಳು ಯಾವ ಪಂಡಿತರಿಗೂ ತೋರಿಸಲಿಲ್ಲ. ಅಷ್ಟರಲ್ಲಿ ಮರಿಯನ್ನಮ್ಮ ಮೊಣಕಾಲು ತರಚಿಕೊಂಡು, “ಅವ್ವಾ, ಹಸಿವು!” ಎಂದು ಒಳಗೆ ನುಗ್ಗಿದಳು. ಎಲ್ಲರೂ ಗಂಜಿ ಕುಡಿದರು. ಆಮೇಲೂ ಆವಿಗೆಯಲ್ಲಿ ಒಡೆಯುವ ಮಡಕೆ ಒಡೆಯಿತು, ಉಳಿಯುವ ಮಡಕೆ ಉಳಿಯಿತು, ಮನೆಯಲ್ಲಿ ಮಾತ್ರ ಬಂದವರಿಗೆ ಇಲ್ಲವೆನ್ನದಷ್ಟು ಎಂದೂ ಇತ್ತು. ಮಗಳು ಬೆಳೆದು, ಮದುವೆಯಾಗಿ, ತನ್ನ ಮನೆಯಲ್ಲೂ ಮಣೆ ಹಾಕಿದಳು.

ಹೀಗೆ ಈ ವ್ರತ ಮಾಡುವವರು ಮಣೆಯನ್ನು ಒರೆಸಿ ಖಾಲಿ ಬಿಡಬೇಕು. ಮನಸ್ಸನ್ನೂ ಒರೆಸಬೇಕು. ಒರೆಸಲಾಗದೆ ಉಳಿದದ್ದು ಯಾವುದೆಂದು ನೋಡಿಕೊಂಡು, ಅದನ್ನೇ ಮೊದಲು ಸ್ವಾಮಿಯ ಕೈಗೆ ಕೊಡಬೇಕು. ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ನಿದ್ದೆಗಣ್ಣಲ್ಲಿ ಅರ್ಧ ಕೇಳಿದವರಿಗೂ ಸವರಿಯಮ್ಮನಿಗೆ ಹತ್ತಿದ ದಾಹ ಹತ್ತಲಿ, ಅವಳಿಗೆ ಬಂದ ಸ್ವಾಮಿ ಬರಲಿ. ಆಮೆನ್.

ಈಗ ಯಾರೂ ಮಾತಾಡಬೇಡಿ. ಕರೆದು ಆಗಿದೆ, ಕಾಯೋಣ.